ಗಾರ್ಡನ್‌ನಲ್ಲಿ ಸಿಕ್ಕ ಬಾಡಿಗೆ ಮನೆ

ಹೋದ ತಿಂಗಳು ಒಂದು ಭಾನುವಾರ ಸಂಜೆ, ಜಲನಗರದ ಗಾರ್ಡನ್‌ನಲ್ಲಿ ನಾನು ಮನೆ ಮಾಲಕಿಯಾಗಿದ್ದೆ. ಒಬ್ಬ ಹುಡುಗಿ ಬಂದು, ‘ಮನಿ ಖಾಲಿ ಐತೇನ್ರಿ?’ ಎಂದು ಕೇಳಿದಳು. ‘ಐತಿ, ಬಾ ಯವ್ವಾ’ ಅಂದೆ. ನೀರಿಗೆ ಕೊರತೆಯಿಲ್ಲ, ಗಾಳಿ ಬೆಳಕು ಭರಪೂರ ಎಂದೆಲ್ಲ ಹೊಗಳಿದೆ. ಆಮೇಲೆ ಹೆಸರು ಕೇಳಿದೆ. ಹೇಳಿದಳು. ‘ಅಯ್ಯ, ಮುಂಜಾನೇನ ಒಬ್ಬರಿಗೆ ಮಾತು ಕೊಟ್ಟೇವಲ್ಲವ್ವಾ’ ಎಂದು ಬಾಗಿಲು ಹಾಕಿಕೊಂಡೆ.

(ಬಾಗಿಲೆಂದರೆ ಹಳೆಯ ಬೆಡ್‌ಶೀಟು. ಎರಡು ತುದಿ ಹಿಡಿದು ಇಬ್ಬರು ನಿಂತಿದ್ದರು. ಅದು ಬೀದಿ ನಾಟಕ.)

ಆದರೆ ಮನೆ ಕೇಳಿದ ಹುಡುಗಿ ನಟಿಸುತ್ತಿರಲಿಲ್ಲ. ರೇಷ್ಮಾ ನಮ್ಮ ಏರಿಯಾದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಎತ್ತಲಾಗದ ಭುಜವನ್ನು ಎತ್ತುವಂತೆ ಮಾಡಿದವಳು. ಊರು ತಿಕೋಟಾ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ತಾಯಿಯನ್ನು ಕರೆದುಕೊಂಡು ಇಲ್ಲೇ ಇರಬೇಕೆಂದು ಎಷ್ಟೋ ದಿನಗಳಿಂದ ಮನೆ ಹುಡುಕುತ್ತಿದ್ದಾಳೆ. ಫೋನಿನಲ್ಲಿ ಎಲ್ಲ ಮನೆಗಳೂ ಖಾಲಿ. ಹೆಸರು ಹೇಳಿದ ಕೂಡಲೇ ಆ ಮನೆಗಳೆಲ್ಲ ತುಂಬಿಬಿಡುತ್ತವೆ. ಒಬ್ಬರ ಮಗ ದಿಢೀರನೆ ಊರಿಗೆ ವಾಪಸು ಬರುತ್ತಾನೆ, ಇನ್ನೊಬ್ಬರಿಗೆ ಅದೇ ಗಳಿಗೆಯಲ್ಲಿ ರಿಪೇರಿ ನೆನಪಾಗುತ್ತದೆ.

‘ನಿಮಗ ಕೊಡೂದಿಲ್ಲ’ ಎಂದು ಮುಖಕ್ಕೆ ಹೇಳುವವರಿಲ್ಲ. ಎಲ್ಲರೂ ನಗುನಗುತ್ತಾ, ನೀರು ಕೊಟ್ಟು ಕಳಿಸುತ್ತಾರೆ. ನನಗೆ ಹೆಚ್ಚು ಮೈ ಉರಿಯುವುದು ಆ ನಯಕ್ಕೆ. ಇಷ್ಟು ಚೆಂದವಾಗಿ ಸುಳ್ಳು ಹೇಳುವುದನ್ನು ನಾವು ಯಾವಾಗ ಕಲಿತೆವು?

ನಾಟಕದ ಐಡಿಯಾ ರೇಷ್ಮಾಳದೇ. ‘ಹೇಳಿ ಹೇಳಿ ಸಾಕಾಗೇತ್ರಿ ಮೇಡಮ್. ಇನ್ನ ಮಾಡಿ ತೋರಸೂಣು’ ಅಂದಳು. ಕ್ಲಿನಿಕ್ಕಿನ ಗೆಳತಿಯರು ಸೇರಿದರು. ಮಾಲಕಿ ಬಾಗಿಲು ಹಾಕಿದ ಕೂಡಲೇ ನಾಟಕ ನಿಲ್ಲುತ್ತದೆ. ಆಗ ರೇಷ್ಮಾ ಜನರ ಕಡೆ ತಿರುಗಿ, ‘ಈ ಮಾಲಕಿ ಬ್ಯಾರೆ ಏನರ ಅನ್ನಬಹುದಿತ್ತೇನ್ರಿ? ಅನಿಸಿದವರು ಬಂದು ಇವರ ಜಾಗಾದಾಗ ನಿಂದರ್ರಿ’ ಎಂದು ಕರೆಯುತ್ತಾಳೆ. ಇಷ್ಟೇ ನಾಟಕ.

ಯಾರೂ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದರು. ನಮ್ಮ ಓಣಿಯ ಕಾಕಾ. ರಿಟೈರ್ ಆದ ಸರಕಾರಿ ಆಫೀಸರು. ವಾಕಿಂಗ್ ಶೂ, ತಲೆಗೆ ಮಫ್ಲರು. ನೇರ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ಬೆಡ್‌ಶೀಟನ್ನು ಕೈಯಿಂದ ಎತ್ತಿ ಹಿಡಿದರು.

‘ಹೆಸರು ಯಾವುದಾದ್ರ ಏನವ್ವಾ? ನನ್ನ ಮಗಳಂಗ ಅದೀ. ಒಳಗ ಬಾ. ಮನಿ ನಿಂದ ಅಂತ ತಿಳಕೊ.’

ಏನು ಚಪ್ಪಾಳೆ! ಸೀಟಿ ಹೊಡೆದರು, ವಿಡಿಯೋ ಮಾಡಿದರು. ಯಾರೋ ಕಾಕಾರ ಕಾಲು ಮುಟ್ಟಿದರು. ಮನೆಗೆ ಬರುವಷ್ಟರಲ್ಲಿ ಓಣಿಯ ಗ್ರೂಪಿನಲ್ಲಿ ಕಾಕಾ, ಕಾಕಾ, ಕಾಕಾ. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಸುಳ್ಳೇಕೆ ಹೇಳಲಿ?

ಸೋಮವಾರ ಬೆಳಿಗ್ಗೆ ರೇಷ್ಮಾ ನನ್ನನ್ನು ಕರೆದುಕೊಂಡು ಕಾಕಾರ ಮನೆಗೆ ಹೋದಳು. ಅವರ ಮೇಲಿನ ಪೋರ್ಶನ್ ನಿಜಕ್ಕೂ ಖಾಲಿ ಇತ್ತು. ಗೇಟಿಗೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡೂ ಇತ್ತು.

‘ಕಾಕಾರ್ರಿ, ನಿನ್ನೆ ಮನಿ ನಿಂದ ಅಂದ್ರೆಲ್ಲಾ, ನೋಡಾಕ ಬಂದೇನ್ರಿ’ ಅಂದಳು ರೇಷ್ಮಾ, ನಗುತ್ತಾ.

ಕಾಕಾ ಮೊದಲು ನಕ್ಕರು. ಅವಳು ಅಲ್ಲೇ ನಿಂತದ್ದು ನೋಡಿ ನಗು ನಿಂತಿತು.

‘ಅದು ನಾಟಕ ಅಲ್ಲೇನವ್ವಾ? ನಾಟಕದಾಗ ಅಂದದ್ದಕ್ಕ ಮನೀತನಕ ಬಂದ್ರ ಹೆಂಗ?’

‘ನಂದು ನಾಟಕ ಇರಲಿಲ್ರಿ ಕಾಕಾ. ನನಗ ಖರೇನ ಮನಿ ಬೇಕಾಗೇತ್ರಿ.’

‘ನಂದೇನೂ ತಕರಾರಿಲ್ಲ. ಮನ್ಯಾಗ ಹೆಂಗಸರು ಒಪ್ಪಂಗಿಲ್ಲ. ಓಣಿ ಮಂದಿ ನಾಕ ಮಾತು ಆಡ್ತಾರ. ನೀನೂ ತಿಳಕೋಬೇಕವ್ವಾ.’

ಯಾವಾಗಲೂ ಹೀಗೆಯೇ ಅಲ್ಲವೇ? ತಿಳಿದುಕೊಳ್ಳಬೇಕಾದವಳು ಅವಳೇ! ಬೀಗ ಹಾಕಿಕೊಂಡವರಿಗೆ ತಿಳಿಯಬೇಕಾದ್ದು ಏನೂ ಇಲ್ಲವೇ? ನಾನು ಬಾಯಿ ತೆರೆಯುವಷ್ಟರಲ್ಲಿ ರೇಷ್ಮಾ, ‘ಆತ್ರಿ’ ಎಂದು ಗೇಟು ಎಳೆದುಕೊಂಡು ಹೊರಗೆ ಬಂದಳು. ಅವತ್ತಿನ ಪೇಶೆಂಟುಗಳನ್ನೆಲ್ಲ ನೋಡಿದಳು. ಅವರಲ್ಲಿ ಮೊಣಕಾಲು ನೋವಿಗೆ ಬರುತ್ತಿದ್ದ ಕಾಕಾರ ಹೆಂಡತಿ, ನಮ್ಮ ಕಾಕುವೂ ಇದ್ದರು. ಅವರ ಕಾಲನ್ನೂ ಎಂದಿನಂತೆ ಒತ್ತಿ ಕಳಿಸಿದಳು.

ಮುಂದಿನ ಭಾನುವಾರ ಮತ್ತೆ ಅದೇ ಗಾರ್ಡನ್. ಈ ಸಲ ನಾವು ಹಳೆಯ ಸಂಭಾಷಣೆ ಬಿಟ್ಟು, ಗೇಟಿನ ಮುಂದೆ ನಡೆದದ್ದನ್ನೇ ಆಡಿದೆವು. ಕಾಕಾರ ಹೆಸರು ಹೇಳಲಿಲ್ಲ, ಮಫ್ಲರು ಸುತ್ತಲಿಲ್ಲ. ‘ನಂದೇನೂ ತಕರಾರಿಲ್ಲ, ಮನ್ಯಾಗ ಹೆಂಗಸರು ಒಪ್ಪಂಗಿಲ್ಲ’ ಎಂದು ನಾನು ಬಾಗಿಲು ಹಾಕಿದೆ. ಮುಂದಿನ ಸಾಲಿನಲ್ಲೇ ಇದ್ದ ಕಾಕಾ ಮೊಬೈಲು ತೆಗೆದು ನೋಡತೊಡಗಿದರು.

‘ಯಾರ ಬರ್ತೀರಿ?’ ಎಂದು ರೇಷ್ಮಾ ಕರೆದಳು. ಯಾರೂ ಏಳಲಿಲ್ಲ. ಸೀಟಿ ಹೊಡೆದವರು ಹುಲ್ಲು ಕೀಳುತ್ತಾ ಕುಳಿತಿದ್ದರು.

ಆಗ ಹಿಂದಿನಿಂದ ಒಂದು ದನಿ. ‘ಯಾವ ಹೆಂಗಸರು?’

ಕಾಕು. ಬೆಂಚು ಹಿಡಿದು ಎದ್ದು ನಿಂತಿದ್ದರು.

‘ಹೆಂಗಸರು ಒಪ್ಪಂಗಿಲ್ಲ ಅಂತ ಹೇಳಾಕತ್ತೀರಿ. ಯಾವ ಹೆಂಗಸರನ್ನ ಕೇಳೀರಿ? ನಮ್ಮ ಮನ್ಯಾಗ ನನ್ನ ಯಾರೂ ಕೇಳಿಲ್ಲ. ಸೊಸೀನ ಕೇಳಿಲ್ಲ. ಕೆಟ್ಟ ಅನಿಸಿಕೊಳ್ಳೂದು ಬಂದ್ರ ನಮ್ಮ ಹೆಸರು ಬೇಕು, ಹೌದಲ್ರಿ?’

ಅವರು ಹೇಳಿದ್ದು ಬೆಡ್‌ಶೀಟಿನ ಹಿಂದಿದ್ದ ನನಗಲ್ಲ. ಎಲ್ಲರೂ ಕಾಕಾರ ಕಡೆ ನೋಡಿದರು. ಕಾಕಾ ಎದ್ದು, ಯಾರ ಜೊತೆಗೂ ಮಾತಾಡದೆ ಗೇಟು ದಾಟಿದರು.

ಎರಡು ದಿನ ಬಿಟ್ಟು ನಮ್ಮ ಮನೆಗೆ ಬಂದರು. ಕೂಡ್ರಿ ಅಂದರೂ ಕೂಡಲಿಲ್ಲ.

‘ಮಂದ್ಯಾಗ ನನ್ನ ಮರ್ಯಾದಿ ಕಳದ್ರಿ.’

‘ನಿಮ್ಮ ಹೆಸರು ಎಲ್ಲಿ ಹೇಳೇವ್ರಿ?’ ಅಂದೆ.

‘ಹೇಳದಿದ್ರೂ ಎಲ್ಲಾರಿಗೂ ತಿಳೀತು.’

ಗೇಟಿನ ಮುಂದಿಂದ ವಾಪಸು ಕಳಿಸುವಾಗ ಆ ಹುಡುಗಿಗೂ ಒಂದು ಮರ್ಯಾದೆ ಇತ್ತಲ್ಲ, ಅದರ ಲೆಕ್ಕ ಯಾರು ಕೊಡುತ್ತಾರೆ ಎಂದು ಕೇಳಿಯೇಬಿಟ್ಟೆ. ಕಾಕಾ ಮಫ್ಲರು ಸರಿಮಾಡಿಕೊಂಡರು. ಆಮೇಲೆ, ಉಪಕಾರ ಮಾಡುವವರ ದನಿಯಲ್ಲಿ ಹೇಳಿದರು.

‘ಆತು, ಬಂದು ಇರಲಿ. ಆದ್ರ ಬಾಗಲಕ್ಕ ಹೆಸರಿನ ಬೋರ್ಡ್ ಹಾಕೂದು ಬ್ಯಾಡ. ಅವರವ್ವ ಬುರ್ಖಾ ಹಾಕ್ಕೊಂಡು ಹೊರಗ ಕೂಡೂದು ಬ್ಯಾಡ. ಯಾರರ ಕೇಳಿದ್ರ ನಮ್ಮ ಪರಿಚಯದವರು ಅನ್ನಲಿ, ಸಾಕು.’

ಇದನ್ನು ರೇಷ್ಮಾಗೆ ಹೇಳಲು ನನಗೇ ನಾಚಿಕೆ. ಆದರೂ ನಿರ್ಧಾರ ಅವಳದು, ಹೇಳಿದೆ. ನನ್ನ ಭುಜಕ್ಕೆ ಬಿಸಿ ಚೀಲ ಇಡುತ್ತಿದ್ದವಳು ಕೈ ನಿಲ್ಲಿಸಿದಳು.

‘ಬ್ಯಾಡ್ರಿ ಮೇಡಮ್. ಭಾನುವಾರ ಅರ್ಧಾ ತಾಸು ನಾಟಕಾ ಮಾಡಿದ್ರ ಮುಗೀತಿತ್ತು. ಆ ಮನ್ಯಾಗ ನಾನೂ ಅಮ್ಮೀನೂ ದಿನಾ ಮಾಡಬೇಕಾಗತೈತಿ.’

ಅಷ್ಟು ಹೇಳಿ, ‘ಕೈ ಮ್ಯಾಲೆತ್ತರಿ’ ಅಂದಳು. ಎತ್ತಿದೆ. ಕ್ಲಿನಿಕ್ ಮುಗಿದ ಮೇಲೆ ತಿಕೋಟಾ ಬಸ್ಸಿಗೆ ಹೋದಳು. ಇವತ್ತಿಗೂ ಹೋಗುತ್ತಿದ್ದಾಳೆ. ಕಾಕು ಈಗಲೂ ಕ್ಲಿನಿಕ್ಕಿಗೆ ಬರುತ್ತಾರೆ. ಮನೆಯಲ್ಲಿ ಗಂಡನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಂತೆ.

ಕಾಕಾರ ಮೇಲೆ ನನಗೆ ಸಿಟ್ಟಿದೆ. ಆದರೆ ಇಡೀ ಓಣಿ ಈಗ ಅವರೊಬ್ಬರನ್ನೇ ಬೈದುಕೊಂಡು ಹಾಯಾಗಿದೆಯಲ್ಲ, ಅದನ್ನಂತೂ ನನಗೆ ತಡೆದುಕೊಳ್ಳಲಾಗುವುದಿಲ್ಲ. ಅವರು ಸುಳ್ಳೋ ನಿಜವೋ, ಎದ್ದಾದರೂ ಬಂದಿದ್ದರು. ಉಳಿದವರು?

ಅವತ್ತು ಚಪ್ಪಾಳೆ ತಟ್ಟಿದ ಅಷ್ಟು ಜನರಲ್ಲಿ, ಖಾಲಿ ಮನೆ ಇದ್ದದ್ದು ಕಾಕಾ ಒಬ್ಬರಿಗೇನಾ?