ಹತ್ತಕ್ಕೆ ಸೊನ್ನೆ ತೆಗೆದ ಏಳು ಮಕ್ಕಳು

೧೯೮೭ರಲ್ಲಿ ನಾನು ಕೋಲಾರ ಚಿನ್ನದ ಗಣಿ ಪ್ರದೇಶದ ಒಂದು ಕನ್ನಡ ಶಾಲೆಯಲ್ಲಿ ಗಣಿತದ ಅಧ್ಯಾಪಕಿಯಾಗಿದ್ದೆ. ಮನೆ ಬಂಗಾರಪೇಟೆಯಲ್ಲಿ. ಬೆಳಿಗ್ಗೆ ಅಡುಗೆ ಮುಗಿಸಿ, ಗಣಿಯ ಕಡೆಗೆ ಹೋಗುವ ರೈಲು ಹಿಡಿದರೆ ಪ್ರಾರ್ಥನೆಯ ಹೊತ್ತಿಗೆ ಶಾಲೆ ಸೇರುತ್ತಿದ್ದೆ. ಮಕ್ಕಳು ನನಗೆ ಮೆಣಸಿನಕಾಯಿ ಮಿಸ್ ಎಂದು ಹೆಸರಿಟ್ಟಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು, ನಾನೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ವರ್ಷ ಬಂದಷ್ಟು ಕೋಪ ಮೂವತ್ತು ವರ್ಷದ ನೌಕರಿಯಲ್ಲಿ ಇನ್ನೊಮ್ಮೆ ಬರಲಿಲ್ಲ.

ಆಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ನಮ್ಮ ಹೆಡ್ ಮಾಸ್ತರಿಗೆ ಒಂದೇ ಹುಚ್ಚು, ಶಾಲೆಯ ಫಲಿತಾಂಶ ನೂರಕ್ಕೆ ನೂರು ಬರಬೇಕು. ಅದಕ್ಕೆ ಅವರು ಕಂಡುಕೊಂಡಿದ್ದ ದಾರಿ ಪಾಠ ಮಾಡುವುದಲ್ಲ. ದಡ್ಡರು ಅನ್ನಿಸಿದವರನ್ನು ಪರೀಕ್ಷೆಗೇ ಕೂರಿಸದೆ ಹಾಲ್ ಟಿಕೆಟ್ ತಡೆಹಿಡಿಯುವುದು. ಸುತ್ತಮುತ್ತಲ ಎಷ್ಟೋ ಶಾಲೆಗಳಲ್ಲಿ ಇದೇ ಪದ್ಧತಿ ಇತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ. ಹೀಗೆ ತಡೆಹಿಡಿದ ಗಂಡುಮಕ್ಕಳು ಮುಂದಿನ ವರ್ಷ ಮತ್ತೆ ಬಂದರೂ ಬರುತ್ತಿದ್ದರು. ಹೆಣ್ಣುಮಕ್ಕಳು ಬರುತ್ತಿರಲಿಲ್ಲ.

ಆ ವರ್ಷ ದಸರೆ ರಜೆ ಮುಗಿದ ಮೇಲೆ ಯಾವುದೋ ಯೋಜನೆಯಡಿ ನಮ್ಮ ಶಾಲೆಗೆ ಬೆಂಗಳೂರಿನಿಂದ ಒಂದು ಕಂಪ್ಯೂಟರ್ ಬಂತು. ಸಣ್ಣ ಟಿವಿಯಂಥ ಪರದೆ, ಅದರ ಮುಂದೊಂದು ಕೀಲಿಮಣೆ. ಹೆಡ್ ಮಾಸ್ತರು ಅದಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಮಂಗಳಾರತಿ ಎತ್ತಿಸಿದರು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿಕೊಂಡು ಒಳಗೆ ಹೋಗಬೇಕು. ಮುಟ್ಟುವ ಹಾಗಿಲ್ಲ. ಕೋಣೆಯ ಬೀಗದ ಕೈ ಸದಾ ಅವರ ಜೇಬಿನಲ್ಲಿ. ‘ಪಾಠಕ್ಕೆ ಬಂದದ್ದೋ, ಪೂಜೆಗೆ ಬಂದದ್ದೋ ಸಾರ್?’ ಎಂದು ನಾನು ಕೇಳಿದ್ದಕ್ಕೆ ಅವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನನಗೂ ನೆಮ್ಮದಿಯಾಗಿತ್ತು.

ಜನವರಿಯಲ್ಲಿ ಏಳನೇ ತರಗತಿಗೆ ಪೂರ್ಣಾಂಕಗಳ ಪಾಠವನ್ನು ಮತ್ತೊಮ್ಮೆ ಮಾಡುತ್ತಿದ್ದೆ. ಸೊನ್ನೆ, ಒಂದು, ಎರಡು ಎಂಬ ಸಂಖ್ಯೆಗಳ ಜೊತೆಗೆ ಮೈನಸ್ ಒಂದು, ಮೈನಸ್ ಎರಡು ಮುಂತಾದ ಋಣ ಸಂಖ್ಯೆಗಳನ್ನೂ ಸೇರಿಸಿದರೆ ಅವು ಪೂರ್ಣಾಂಕಗಳು. ಇದರಲ್ಲಿ ಮಕ್ಕಳು ಎಡವುವ ಜಾಗ ಒಂದಿದೆ. ಮೈನಸ್ ಎಂಟು, ಮೈನಸ್ ಮೂರು, ಇವೆರಡರಲ್ಲಿ ದೊಡ್ಡದು ಮೈನಸ್ ಮೂರು. ನಾನು ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು, ನಡುವೆ ಸೊನ್ನೆ ಬರೆದು, ಬಲಕ್ಕೆ ಹೋದಷ್ಟೂ ದೊಡ್ಡದು, ಎಡಕ್ಕೆ ಹೋದಷ್ಟೂ ಚಿಕ್ಕದು ಎಂದು ಹೇಳಿಕೊಟ್ಟಿದ್ದೆ. ಮಕ್ಕಳು ಚೆನ್ನಾಗಿಯೇ ಕಲಿತಿದ್ದರು. ಅವರಲ್ಲೆಲ್ಲ ಚುರುಕು ಗಂಗರತ್ನ. ಅಪ್ಪ ಮುನಿಶಾಮಪ್ಪ ಬೂದಿಕೋಟೆ ಕಡೆಯ ಹಳ್ಳಿಯಿಂದ ಬಂದು ಗಣಿಯಲ್ಲಿ ನೆಲದಡಿಯ ಕೆಲಸಕ್ಕೆ ಸೇರಿದವನು. ಸಂಸಾರ ಗಣಿ ಕೂಲಿಕಾರರ ಲೈನ್ ಮನೆಯಲ್ಲಿ.

ಆ ಕಂಪ್ಯೂಟರಿನಲ್ಲಿ ಪೂರ್ಣಾಂಕದ ಪಾಠವೂ ಇದೆ ಎಂದು ಹೆಡ್ ಮಾಸ್ತರಿಗೆ ಯಾರೋ ಹೇಳಿದರು. ಅವರಿಗೆ ಅಷ್ಟು ಸಾಕಾಯಿತು. ‘ಮೇಡಂ, ಈ ಸಲ ಯಾರು ಪರೀಕ್ಷೆಗೆ ಲಾಯಕ್ಕು ಅಂತ ಮೆಷಿನ್ನೇ ಹೇಳಲಿ. ಆಮೇಲೆ ಪಕ್ಷಪಾತ ಅಂತ ಯಾರೂ ಬಾಯಿ ತೆಗೆಯೋ ಹಾಗಿಲ್ಲ’ ಎಂದು ಹಿಗ್ಗಿದರು. ನಾನು ಬೇಡವೆಂದೆ, ಕೇಳಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು ಕೂರಿಸಿದರು. ಪರದೆಯ ಮೇಲೆ ಸಮುದ್ರದ ಚಿತ್ರ. ನೀರಿನ ಮಟ್ಟಕ್ಕೆ ಸೊನ್ನೆ, ಮೇಲೆ ಹಕ್ಕಿ, ಕೆಳಗೆ ಆಳದಲ್ಲಿ ಮೀನುಗಳು. ಎರಡು ಸಂಖ್ಯೆ ಮೂಡುತ್ತವೆ, ದೊಡ್ಡದರ ಕಡೆಯ ಬಾಣದ ಗುಂಡಿ ಒತ್ತಬೇಕು. ಸೂಚನೆಯೆಲ್ಲ ಇಂಗ್ಲಿಷಿನಲ್ಲಿ. ಕೊನೆಯ ಸುತ್ತಿನಲ್ಲಿ ಹತ್ತು ಪ್ರಶ್ನೆ, ಹತ್ತರಲ್ಲೂ ಎರಡು ಸಂಖ್ಯೆಯೂ ಋಣ. ತಪ್ಪಾದರೆ ಮೆಷಿನ್ನು ಕರ್ಕಶವಾಗಿ ಕೂಗುತ್ತಿತ್ತು.

ಸಂಜೆ ಹೆಡ್ ಮಾಸ್ತರು ನನ್ನನ್ನು ಕರೆಸಿದರು. ಕೊನೆಯ ಸುತ್ತಿನಲ್ಲಿ ಏಳು ಮಕ್ಕಳಿಗೆ ಹತ್ತಕ್ಕೆ ಸೊನ್ನೆ. ಏಳೂ ಜನ ಲೈನ್ ಮನೆಯ ಮಕ್ಕಳು. ಅವರಲ್ಲಿ ಗಂಗರತ್ನ ಒಬ್ಬಳು.

‘ನೋಡಿದ್ರಾ? ನಾನು ಮೊದಲೇ ಹೇಳಿದ್ದೆ. ಕೂಲಿಯವರ ಮಕ್ಕಳ ತಲೆಗೆ ಇವೆಲ್ಲ ಹತ್ತೋದಲ್ಲ. ಏಳು ಹಾಲ್ ಟಿಕೆಟ್ ಕಟ್.’

ನನಗೆ ಮೈಯೆಲ್ಲ ಉರಿದುಹೋಯಿತು. ಕೋಪದ ನಡುವೆಯೂ ಒಂದು ವಿಷಯ ಕೊರೆಯುತ್ತಿತ್ತು. ಎರಡರಲ್ಲಿ ಒಂದು ಗುಂಡಿ ಒತ್ತುವುದಾದರೆ, ಕಣ್ಣು ಮುಚ್ಚಿ ಒತ್ತಿದರೂ ಹತ್ತಕ್ಕೆ ನಾಲ್ಕೋ ಐದೋ ಸರಿ ಬರಬೇಕು. ಏನೂ ಗೊತ್ತಿಲ್ಲದವರಿಗೆ ಸೊನ್ನೆ ಬರುವುದು ಬಹಳ ಅಪರೂಪ. ಏಳು ಜನಕ್ಕೆ ಒಟ್ಟಿಗೆ ಸೊನ್ನೆ ಬರಬೇಕಾದರೆ ಅವರು ಯಾವುದೋ ಒಂದು ಲೆಕ್ಕಾಚಾರವನ್ನು ಬಿಡದೆ ಹಿಡಿದು ನಡೆದಿರಲೇಬೇಕು. ಇದನ್ನು ಹೆಡ್ ಮಾಸ್ತರಿಗೆ ಬಿಡಿಸಿ ಹೇಳಿದೆ. ‘ಮೆಷಿನ್ ಸುಳ್ಳು ಹೇಳುತ್ತಾ ಮೇಡಂ?’ ಎಂದು ನಕ್ಕು ಚಹಾ ಕುಡಿಯತೊಡಗಿದರು.

ಮರುದಿನ ಮುನಿಶಾಮಪ್ಪ ಶಿಫ್ಟ್ ಮುಗಿಸಿ ನೇರ ಶಾಲೆಗೆ ಬಂದ. ಸುದ್ದಿ ಆಗಲೇ ಮುಟ್ಟಿತ್ತು. ‘ಮಿಸ್ಸಮ್ಮಾ, ಪರೀಕ್ಸೆ ಇಲ್ಲ ಅಂದ್ಮೇಲೆ ಎಣ್ಣುಮಗೂನ ಇಲ್ಲ್ಯಾಕೆ ಮಡಿಕ್ಕಬೇಕು? ಬೂದಿಕೋಟೆ ತಾವ ನಮ್ಮಕ್ಕನ ಮನೆ ಐತೆ. ಅಲ್ಲೇ ಬಿಟ್ಬುಡ್ತೀನಿ. ಎಮ್ಮೆ ಸಗಣಿ ನೋಡ್ಕೊಂಡಿರ್ತಾಳೆ. ಅಕ್ಕನ ಮಗನೂ ಅವ್ನೆ, ಎರಡು ವರ್ಸ ಕಳುದ್ರೆ ಮದ್ವೆ ಮಾಡ್ಬುಟ್ರಾಯ್ತು’ ಎಂದ. ಗಂಗರತ್ನ ಕಂಬದ ಹಿಂದೆ ನಿಂತು ಕೇಳುತ್ತಿದ್ದಳು. ಅವಳಿಗಾಗ ಹನ್ನೆರಡೋ ಹದಿಮೂರೋ ವಯಸ್ಸು.

‘ಒಂದು ವಾರ ತಾಳಪ್ಪ, ನಿಂಗೆ ಕೈ ಮುಗಿತೀನಿ. ಅಲ್ಲೀತನಕ ಅವಳನ್ನ ಎಲ್ಲೂ ಕಳಿಸಬೇಡ’ ಎಂದೆ. ಮಿಸ್ಸು ಕೈ ಮುಗಿದದ್ದಕ್ಕೇ ಅವನು ಗಾಬರಿಯಾಗಿ ಒಪ್ಪಿಕೊಂಡ.

ಆಮೇಲೆ ಗಂಗರತ್ನಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ‘ಮೊನ್ನೆ ಬೋರ್ಡಿನ ಮೇಲೆ ಎಲ್ಲ ಸರಿ ಹೇಳಿದ್ಯಲ್ಲೇ. ಆ ಪರದೆ ಮುಂದೆ ಏನಾಯ್ತು ನಿಂಗೆ? ಮೈನಸ್ ಎಂಟು ದೊಡ್ಡದು ಅಂತ ಯಾಕೆ ಒತ್ತಿದೆ?’

ಅವಳು ಹೇಳಿದಳು: ‘ಅದ್ರಾಗೆ ಕೆಳೀಕೆ ಇಳಿಯೋದಿತ್ತಲ್ಲಾ ಮಿಸ್. ನೀವು ಅಡ್ಡಕ್ಕೆ ಬರೆದಿದ್ರಿ, ಇದು ಗಣಿ ತರ ಕೆಳೀಕಿತ್ತು. ಕೆಳೀಕೆ ಇಳಿದಂಗೆಲ್ಲಾ ಲೆವೆಲ್ಲು ದೊಡ್ಡದಾಗ್ತಾ ಓಗ್ತದೆ. ಮೂರಕ್ಕಿಂತ ಎಂಟನೇದು ದೊಡ್ಡ ಲೆವೆಲ್ಲು. ಅಲ್ಲಿ ಬಿಸೀನೂ ಜಾಸ್ತಿ, ಕಷ್ಟಾನೂ ಜಾಸ್ತಿ. ಅಪ್ಪ ಅಂಗೇ ಏಳ್ತಾರೆ.’

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಗಣಿಯ ಶಾಫ್ಟ್ ಅಂದರೆ ನೆಲದಾಳಕ್ಕೆ ಇಳಿಯುವ ದೊಡ್ಡ ಬಾವಿ. ಕೆಲಸಗಾರರು ಅದರಲ್ಲಿ ಕೇಜ್ ಎಂಬ ಕಬ್ಬಿಣದ ಪಂಜರದಲ್ಲಿ ನಿಂತು ಇಳಿಯುತ್ತಾರೆ. ಅಲ್ಲಿನ ಅಂತಸ್ತುಗಳಿಗೆ ಲೆವೆಲ್ ಎಂದು ಹೆಸರು, ಎಣಿಕೆ ಮೇಲಿನಿಂದ ಕೆಳಕ್ಕೆ. ಹುಟ್ಟಿದಾಗಿನಿಂದ ಆ ಮಾತು ಕೇಳಿ ಬೆಳೆದ ಮಕ್ಕಳು ಆಳದ ಚಿತ್ರ ನೋಡಿದ ಕೂಡಲೇ ಮನೆಯ ಲೆಕ್ಕ ಹಿಡಿದಿದ್ದರು. ಸಮುದ್ರವನ್ನು ಅವರು ಕಂಡಿದ್ದಾರೆಯೇ? ಅವರು ಹೇಳಿದ್ದು ಸೊನ್ನೆಯಿಂದ ಎಷ್ಟು ದೂರ ಎಂಬ ಉತ್ತರ. ಗಣಿತದಲ್ಲಿ ಅದಕ್ಕೂ ಒಂದು ಹೆಸರಿದೆ, ನಿರಪೇಕ್ಷ ಮೌಲ್ಯ. ಮೆಷಿನ್ನು ಕೇಳಿದ್ದು ಬೇರೆ ಪ್ರಶ್ನೆ. ಉಳಿದ ಆರು ಜನರನ್ನೂ ಕರೆದು ಕೇಳಿದೆ. ಒಬ್ಬೊಬ್ಬರೂ ಅದನ್ನೇ ಹೇಳಿದರು.

ಆ ಏಳು ಜನಕ್ಕೆ ಇನ್ನೊಂದು ಸಲ ಅವಕಾಶ ಕೊಡಿ ಎಂದು ಹೆಡ್ ಮಾಸ್ತರ ಹತ್ತಿರ ಹೋದೆ. ‘ಗುರುವಾರ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರು ಮೆಷಿನ್ ನೋಡೋಕೆ ಬರ್ತಾರೆ. ಅಲ್ಲೀತನಕ ಅದನ್ನ ಯಾರೂ ಮುಟ್ಟಬಾರದು. ಹೆಸರುಗಳನ್ನ ಅವತ್ತೇ ಅವರ ಕೈಗೆ ಕೊಟ್ಟುಬಿಡ್ತೀನಿ’ ಎಂದರು. ‘ಮುಟ್ಟಿದರೆ ಮೈಲಿಗೆಯಾಗುತ್ತಾ ಸಾರ್?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಂದುಬಿಟ್ಟೆ.

ಮೆಷಿನ್ನಿಲ್ಲದಿದ್ದರೆ ಪಾಠ ನಿಲ್ಲುತ್ತದೆಯೇ? ತರಗತಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಶಾಫ್ಟ್ ಬರೆದೆ. ನೆಲದ ಮಟ್ಟಕ್ಕೆ ಸೊನ್ನೆ, ಕೆಳಗೆ ಲೆವೆಲ್ಲುಗಳು, ಒಂದೊಂದರ ಮುಂದೂ ಮೈನಸ್ ಗುರುತು. ಎರಡು ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಮೊಳೆಗೆ ನೇತುಹಾಕಿದೆವು. ಅವೇ ಕೇಜುಗಳು. ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ಕೇಜಿನ ಗಂಟೆಯನ್ನು ಬಾಯಲ್ಲೇ ಹೊಡೆದುಕೊಂಡು ಇಳಿಸುತ್ತಾರೆ, ಏರಿಸುತ್ತಾರೆ. ‘ನಿಮ್ಮ ಲೆಕ್ಕ ಸುಳ್ಳಲ್ಲ ಕಣ್ರೋ. ಎಷ್ಟು ಆಳ ಅಂತ ಕೇಳಿದರೆ ಎಂಟೇ ದೊಡ್ಡದು. ಆದರೆ ಆ ಮೆಷಿನ್ನು ಆಳ ಕೇಳ್ತಾ ಇಲ್ಲ, ಯಾವ ಕೇಜು ಮೇಲಿದೆ ಅಂತ ಕೇಳ್ತಿದೆ’ ಎಂದೆ. ‘ಅಷ್ಟೇನಾ? ಅದನ್ನ ಮೊದ್ಲೇ ಏಳೋಕೇನು ಅದುಕ್ಕೆ!’ ಎಂದಳು ಗಂಗರತ್ನ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಗುರುವಾರ ಇನ್ಸ್‌ಪೆಕ್ಟರರು ಜೀಪಿನಲ್ಲಿ ಬಂದರು. ಹಾರ, ತುರಾಯಿ, ರಾಬರ್ಟ್‌ಸನ್‌ಪೇಟೆಯಿಂದ ತರಿಸಿದ ಸಿಹಿ, ಖಾರ ಎಲ್ಲ ಆಯಿತು. ಹೆಡ್ ಮಾಸ್ತರು ತಾವು ವಾರವಿಡೀ ತಯಾರು ಮಾಡಿದ್ದ ಒಬ್ಬ ಗುಮಾಸ್ತರ ಮಗನನ್ನು ಮೆಷಿನ್ನಿನ ಮುಂದೆ ಕೂರಿಸಿದರು. ಅವನು ಪಟಪಟ ಒತ್ತಿದ. ಇನ್ಸ್‌ಪೆಕ್ಟರರು ಚಪ್ಪಾಳೆ ತಟ್ಟಿದರು. ಹೆಡ್ ಮಾಸ್ತರು ಮೆಷಿನ್ನಿಗೆ ಬಟ್ಟೆ ಹೊದಿಸಲು ಹೊರಟರು.

‘ತಡೀರಿ ಸಾರ್. ಹತ್ತಕ್ಕೆ ಸೊನ್ನೆ ತೆಗೆದು ಹಾಲ್ ಟಿಕೆಟ್ ಕಳಕೊಂಡವರನ್ನೂ ಸಾಹೇಬರು ನೋಡಲಿ’ ಎಂದು ನಾನು ಬಾಗಿಲ ಹೊರಗೆ ನಿಂತಿದ್ದ ಏಳು ಜನರನ್ನೂ ಒಳಗೆ ಕರೆದೆ. ಹೆಡ್ ಮಾಸ್ತರು ನನ್ನನ್ನು ತಿಂದುಬಿಡುವ ಹಾಗೆ ನೋಡಿದರು. ಸಾಹೇಬರಿಗೆ ಕುತೂಹಲ ಹುಟ್ಟಿ, ಆಗಲಿ ಎಂದರು.

ಗಂಗರತ್ನ ಕೂತಳು. ಪರದೆಯ ಮೇಲೆ ಎರಡು ಸಂಖ್ಯೆ ಮೂಡಿದವು. ‘ಯಾವ ಕೇಜ್ ಮೇಲೈತೆ’ ಎಂದು ತನ್ನಲ್ಲೇ ಗೊಣಗಿಕೊಂಡು ಒತ್ತಿದಳು. ಮೆಷಿನ್ನು ಕೂಗಲಿಲ್ಲ. ಮುಂದಿನದಕ್ಕೂ ಕೂಗಲಿಲ್ಲ. ಅವಸರದಲ್ಲಿ ಒಂದನ್ನು ಮಾತ್ರ ತಪ್ಪು ಒತ್ತಿ ನಾಲಿಗೆ ಕಚ್ಚಿಕೊಂಡಳು. ಹತ್ತಕ್ಕೆ ಒಂಬತ್ತು.

‘ಪರವಾಗಿಲ್ಲವೇ! ಇವಳದ್ಯಾಕ್ರೀ ಹಾಲ್ ಟಿಕೆಟ್ ತಡೆದಿದ್ದೀರಿ? ಕೊಟ್ಟುಬಿಡಿ’ ಎಂದರು ಇನ್ಸ್‌ಪೆಕ್ಟರರು. ‘ಉಳಿದವರು ಮುಂದಿನ ವರ್ಷ ನೋಡಿಕೊಳ್ಳಲಿ’ ಎಂದು ಗಡಿಯಾರ ನೋಡಿಕೊಂಡು ಎದ್ದರು.

ನಾನು ಬಾಯಿ ತೆರೆಯುವ ಮೊದಲೇ ಗಂಗರತ್ನ ಕುರ್ಚಿಯಿಂದ ಎದ್ದಳು. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ‘ಸಾರ್, ಇವ್ರ್ಗೂ ಬತ್ತದೆ ಸಾರ್. ನಂಗೆ ಗೊತ್ತಿರೋದೇ ಇವ್ರ್ಗೂ ಗೊತ್ತಿರೋದು. ಇವ್ರುನ್ನೂ ಕೇಳಿ’ ಎಂದು ಪಕ್ಕದ ಹುಡುಗಿಯ ರಟ್ಟೆ ಹಿಡಿದು ಎಳೆದು ಆ ಕುರ್ಚಿಯ ಮೇಲೆ ಕೂರಿಸಿದಳು.

ಹೆಡ್ ಮಾಸ್ತರು ‘ಏಯ್!’ ಎಂದು ಕೈ ಎತ್ತಿದರು. ನಾನು ಹೋಗಿ ಬಾಗಿಲಿನ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ‘ಆರು ಮಕ್ಕಳು ಬಾಕಿ ಇದ್ದಾರೆ ಸಾರ್. ಮುಗಿಯೋವರೆಗೆ ಯಾರೂ ಹೊರಗೆ ಹೋಗೋ ಹಾಗಿಲ್ಲ’ ಎಂದೆ. ನನ್ನ ಮುಖದಲ್ಲಿ ಏನು ಕಂಡರೋ, ಇನ್ಸ್‌ಪೆಕ್ಟರರು ಮತ್ತೆ ಕೂತರು.

ಆರು ಮಕ್ಕಳೂ ಸರದಿಯಂತೆ ಕೂತರು. ಒಂಬತ್ತೋ ಹತ್ತೋ ಎಲ್ಲರಿಗೂ ಬರಲಿಲ್ಲ. ಒಬ್ಬ ಹುಡುಗನಿಗೆ ಆರೇ ಬಂತು. ‘ಆರು ತಾನೇ?’ ಎಂದು ಹೆಡ್ ಮಾಸ್ತರು ಗೊಣಗಿದರು. ‘ಪಾಸಾಗೋಕೆ ಆರು ಸಾಲದಾ? ನೀವೂ ನಾನೂ ಹತ್ತಕ್ಕೆ ಹತ್ತು ತೆಗೆದೇ ಬಂದವರಾ?’ ಎಂದೆ. ಆಮೇಲೆ ಸಾಹೇಬರನ್ನು ತರಗತಿಗೆ ಕರೆದೊಯ್ದು, ಗೋಡೆಯ ಚಿತ್ರದ ಮುಂದೆ ನಿಲ್ಲಿಸಿ, ಸೊನ್ನೆ ಹೇಗೆ ಬಂತು ಎಂಬುದನ್ನು ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಏಳು ಹಾಲ್ ಟಿಕೆಟ್ಟಿಗೂ ಅಲ್ಲೇ ಒಪ್ಪಿಗೆ ಕೊಟ್ಟು ಜೀಪು ಹತ್ತಿದರು.

ವಾರದಲ್ಲಿ ನನಗೊಂದು ನೋಟಿಸು ಬಂತು. ಮೇಲಧಿಕಾರಿಯನ್ನು ಕೋಣೆಯಲ್ಲಿ ಕೂಡಿಹಾಕಿದ್ದು ಯಾಕೆ, ಸಮಜಾಯಿಷಿ ಕೊಡಿ ಎಂದು. ‘ಮಕ್ಕಳ ಪರೀಕ್ಷೆ ಮುಗಿದಿರಲಿಲ್ಲ’ ಎಂದು ಒಂದೇ ಸಾಲು ಬರೆದು ಕಳಿಸಿದೆ. ಜೂನ್‌ನಲ್ಲಿ ನನ್ನನ್ನು ಬೂದಿಕೋಟೆಗೆ ವರ್ಗ ಮಾಡಿದರು. ಅಷ್ಟರಲ್ಲಿ ಫಲಿತಾಂಶ ಬಂದಿತ್ತು, ಏಳೂ ಜನ ಪಾಸು. ಕಂಪ್ಯೂಟರಿನಿಂದಾಗಿ ಕೂಲಿಕಾರರ ಮಕ್ಕಳೂ ಪಾಸಾದರು ಎಂದು ಹೆಡ್ ಮಾಸ್ತರು ಊರೆಲ್ಲ ಹೇಳಿಕೊಂಡು ಓಡಾಡಿದರು. ಹೇಳಿಕೊಳ್ಳಲಿ ಬಿಡಿ. ಗಂಗರತ್ನ ಅತ್ತೆಯ ಮನೆಗೆ ಹೋಗಲಿಲ್ಲ, ಎಂಟನೇ ತರಗತಿಗೆ ಹೋದಳು.

ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಎಷ್ಟು ತಪ್ಪಾಯಿತು ಎಂದು ಎಣಿಸುವುದಕ್ಕೆ ಒಂದು ಮೆಷಿನ್ನು ಸಾಕು. ಯಾಕೆ ತಪ್ಪಾಯಿತು ಎಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದು ಮೇಷ್ಟ್ರ ಕೆಲಸ, ಆ ಕೆಲಸಕ್ಕೆಂದೇ ನಮ್ಮನ್ನು ನೇಮಿಸಿರುವುದು. ನಾನು ಆ ಶಾಲೆಗೆ ಬರುವ ಮೊದಲು ಅಲ್ಲೂ, ಬೇರೆ ಬೇರೆ ಶಾಲೆಗಳಲ್ಲೂ, ಆ ಒಂದು ಪ್ರಶ್ನೆಯನ್ನು ಯಾರೂ ಕೇಳದೆ ಎಮ್ಮೆ ಕಾಯಲು, ಗಂಡನ ಮನೆಗೆ ಕಳಿಸಿಬಿಟ್ಟ ಹೆಣ್ಣುಮಕ್ಕಳು ಎಷ್ಟೋ. ಅವರಿಗೆಲ್ಲ ಈಗ ಮೊಮ್ಮಕ್ಕಳಾಗಿರಬಹುದು. ತಾವು ದಡ್ಡರು ಎಂದೇ ಅವರು ಇವತ್ತಿಗೂ ನಂಬಿಕೊಂಡಿರುತ್ತಾರೆ. ಅದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ವಯಸ್ಸಾಯಿತು, ಇನ್ನಾದರೂ ಕೋಪ ಕಡಿಮೆ ಮಾಡಿಕೊಳ್ಳಿ ಎಂದು ಮನೆಯವರು ಹೇಳುತ್ತಾರೆ. ಮಾಡಿಕೊಳ್ಳುವುದಿಲ್ಲ.