ಆಮೆಯ ಜಾಡು ಗುಡಿಸಿದ್ದು

ಬೇಡ ಎಂದದ್ದನ್ನು ಮಾಡುವುದು ನನ್ನ ಹುಟ್ಟುಗುಣ. ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳಲ್ಲಿ ಬ್ಯಾಂಕಿನವರು ನನ್ನನ್ನು ತಿರುವನಂತಪುರಕ್ಕೆ ಹಾಕಿದಾಗ ವಿಳಿಂಜಂ ಹತ್ತಿರ ಕಡಲ ಬದಿಯಲ್ಲೇ ಬಾಡಿಗೆ ಕೋಣೆ ಹಿಡಿದೆ. ಕತ್ತಲಾದ ಮೇಲೆ ಹೆಂಗಸರು ಮರಳಿಗೆ ಹೋಗಬಾರದೆಂದರು ಮನೆಯ ಯಜಮಾನರು. ಕುಂದಾಪುರದಿಂದ ಅಮ್ಮ ಫೋನಿನಲ್ಲಿ, "ಕತ್ಲಿ ಆದ್ಮೇಲೆ ಕಡ್ಲ್ ಬದಿಗೆ ಎಂತಕ್ಕೆ ಹೋಪ್ದ್ ನೀನ್?" ಎಂದು ಗದರಿದಳು. ಆಮೆ ನೋಡುವುದಕ್ಕೆ ಎಂದೆ. ಇಬ್ಬರೂ ನಂಬಲಿಲ್ಲ.

ಆಮೆ ಬರುವ ಕಾಲ ಇದು ಎಂದು ನನಗೆ ಹೇಳಿದ್ದು ಬಾಗಿಲಿಗೆ ಮೀನು ತರುತ್ತಿದ್ದ ಅಕ್ಕ, ಅಲ್ಲಿನವರ ಮಾತಿನಲ್ಲಿ ಚೇಚಿ. ಅವರ ಮನೆಗೆ ಸ್ವಂತದ್ದೊಂದು ದೊಡ್ಡ ಬಲೆಯಿತ್ತು, ನಮ್ಮೂರಿನ ಕೈರಂಪಣಿಯಂಥದ್ದು. ಬೆಳಗಾಗುತ್ತಲೇ ಕೇರಿಯ ಗಂಡಸರೆಲ್ಲ ಅದರ ಹಗ್ಗ ಹಿಡಿದು ದಡಕ್ಕೆಳೆದು ಮೀನು ಪಾಲು ಮಾಡಿಕೊಳ್ಳುತ್ತಿದ್ದರು. ಆಮೆಯ ಜಾಡು ಕಂಡರೆ ಅವರಲ್ಲೇ ಕೆಲವರು ಮೊಟ್ಟೆ ಅಗೆದು ತಿನ್ನುತ್ತಾರೆ ಎಂದೂ ಚೇಚಿ ಹೇಳಿದ್ದರು. "ನಾನೂ ತಿಂದಿದ್ದೇನೆ ಮೋಳೇ, ಸುಳ್ಳು ಯಾಕೆ ಹೇಳಲಿ?" ಮೋಳೇ ಎಂದರೆ ಮಗಳೇ; ನನ್ನನ್ನು ಅವರು ಹಾಗೇ ಕರೆಯುತ್ತಿದ್ದರು.

ಹತ್ತಾರು ರಾತ್ರಿ ಸುಮ್ಮನೆ ಕೂತು ಬಂದ ಮೇಲೆ ಒಂದು ಆಮೆ ಬಂತು. ನಾಲ್ಕು ಹೆಜ್ಜೆ ತೆವಳುವುದು, ನಿಂತು ಉಸಿರು ಬಿಡುವುದು. ಹಿಂಗಾಲನ್ನು ಸೌಟಿನಂತೆ ಬಳಸಿ ಗುಂಡಿ ತೋಡಿತು. ಮೊಟ್ಟೆಗಳು ಒಂದೊಂದೇ ಬಿದ್ದವು. ಅದರ ಕಣ್ಣಲ್ಲಿ ನೀರಿತ್ತು. ಅದು ಉಪ್ಪು ಹೊರಹಾಕುವ ರೀತಿ ಎಂದು ಗೊತ್ತಿದ್ದೂ ನಾನು ಅತ್ತೆ. ಗುಂಡಿ ಮುಚ್ಚಿ ಅದು ಕಡಲಿಗೆ ಮರಳಿತು, ತಿರುಗಿ ನೋಡಲಿಲ್ಲ.

ಜಾಡು ಮಾತ್ರ ಢಾಳಾಗಿ ಉಳಿಯಿತು. ನಾನು ಕೋಣೆಗೆ ಓಡಿ ಹಿಡಿಸೂಡಿ ತಂದೆ. ಮನೆಯ ಅಂಗಳ ಗುಡಿಸುವ ಹಾಗೆ, ನೀರಂಚಿನಿಂದ ಗೂಡಿನವರೆಗೆ ಒಂದು ಗೆರೆಯೂ ಉಳಿಯದಂತೆ ಗುಡಿಸಿದೆ. ಬೆಳಕು ಹರಿದಾಗ ನೋಡುತ್ತೇನೆ, ಹೆಜ್ಜೆಗುರುತುಗಳಿಂದ ತುಂಬಿದ ಇಡೀ ಕಡಲತೀರದಲ್ಲಿ ನುಣ್ಣಗಿದ್ದದ್ದು ಆ ಒಂದೇ ಪಟ್ಟಿ! ಅದನ್ನೇ ಹಿಡಿದು ಇಬ್ಬರು ಕಬ್ಬಿಣದ ಸರಳಿನೊಂದಿಗೆ ನೆಟ್ಟಗೆ ನಡೆದು ಬಂದರು.

ನನ್ನ ಮೇಲೆ ನನಗೇ ಸಿಟ್ಟು ಬಂತು. ಹೋಗಿ ಅಡ್ಡ ನಿಂತೆ.

"ಮೇಡಂ, ಈ ಕಡಲು ನಿಮ್ಮ ಅಪ್ಪನದ್ದಾ?"

"ಅಲ್ಲ. ನಿಮ್ಮ ಅಪ್ಪನದ್ದೂ ಅಲ್ಲ," ಎಂದೆ, ನನ್ನ ಹರಕು ಮಲಯಾಳದಲ್ಲಿ.

ಸರಳು ನನ್ನ ಕಾಲ ಪಕ್ಕದಲ್ಲೇ ಮರಳಿಗಿಳಿಯಿತು. ನಾನು ಕದಲಲಿಲ್ಲ. ಬಲೆಯ ಹತ್ತಿರವಿದ್ದ ಚೇಚಿ ಬಂದು ಹಿಡಿಸೂಡಿ ನೋಡಿದರು, ಗುಡಿಸಿದ ಪಟ್ಟಿ ನೋಡಿದರು, ಸೊಂಟ ಹಿಡಿದುಕೊಂಡು ನಕ್ಕರು. ಆಮೇಲೆ ಆ ಇಬ್ಬರ ಕಡೆ ತಿರುಗಿದರು. "ಇಲ್ಲಿ ಅಗೆದವನಿಗೆ ಇವತ್ತಿನಿಂದ ನಮ್ಮ ಹಗ್ಗದಲ್ಲಿ ಜಾಗವಿಲ್ಲ." ಹಗ್ಗದಲ್ಲಿ ಜಾಗವಿಲ್ಲವೆಂದರೆ ಪಾಲೂ ಇಲ್ಲ. ಸರಳು ಹೆಗಲೇರಿತು. ಹೋಗುವಾಗ ಒಬ್ಬ, "ನಿಮಗೆ ನಾಳೆ ವರ್ಗವಾಗುತ್ತದೆ. ಆಗ ಯಾರು ಕಾಯುತ್ತಾರೆ?" ಎಂದ. ಅದು ಮುಳ್ಳಿನಂತೆ ಚುಚ್ಚಿತು.

ಅವನ ಬಾಯಿ ಹರಕೆಯೋ ಏನೋ, ತಿಂಗಳೊಳಗೆ ಕೊಚ್ಚಿಯ ಶಾಖೆಗೆ ಹಾಕಿದರು. ನಾನು ಹೋದ ಮೇಲೆ ಚೇಚಿ ದಿನವೂ ಮೀನಿನ ಬುಟ್ಟಿಯನ್ನು ಗೂಡಿನ ಪಕ್ಕದಲ್ಲೇ ಇಳಿಸಿ ಕೂರುತ್ತಿದ್ದರು. ಮುಂದಿನ ತಿಂಗಳು ಒಂದು ಬೆಳಿಗ್ಗೆ ಬ್ಯಾಂಕಿಗೇ ಅವರ ಫೋನು ಬಂತು: "ಗೂಡಿನ ಮೇಲಿನ ಮರಳು ಕುಸಿದಿದೆ ಮೋಳೇ. ಮರಿಗಳು ಇವತ್ತೇ ಹೊರಡುತ್ತವೆ."

ರಜೆ ಕೇಳಿದೆ. ಮ್ಯಾನೇಜರು ಆಗುವುದೇ ಇಲ್ಲವೆಂದರು. ಚೀಲ ಹೆಗಲಿಗೆ ಹಾಕಿ ಸಿಕ್ಕ ರೈಲು ಹತ್ತಿದೆ.

ಕತ್ತಲಾಗುವ ಹೊತ್ತಿಗೆ ಮರಳು ಅಲುಗಾಡಿತು. ಅಂಗೈಯಗಲವೂ ಇಲ್ಲದ ಮರಿಗಳು ಒಂದರ ಮೇಲೊಂದು ಹತ್ತಿಕೊಂಡು ಎದ್ದು ಬಂದವು. ಅಲೆ ಹಿಂದಕ್ಕೆ ಎತ್ತಿ ಹಾಕಿದರೂ ಮತ್ತೆ ಅತ್ತಲೇ ಓಡಿದವು. ಚೇಚಿ ನನ್ನ ಕೈ ಹಿಡಿದಿದ್ದರು. ಕೊನೆಯ ಮರಿ ಹೋಗುವವರೆಗೆ ನಾವಿಬ್ಬರೂ ಅಲ್ಲೇ ನಿಂತು ನೋಡಿದೆವು.

ಮರುದಿನ ಮ್ಯಾನೇಜರು ನನ್ನ ಮುಂದೆ ಮೆಮೊ ಇಟ್ಟರು: ಅನುಮತಿಯಿಲ್ಲದೆ ಹೋದದ್ದಕ್ಕೆ ಕಾರಣ ಬರೆದು ಕೊಡಬೇಕು. ಜ್ವರ ಎಂದು ಬರೆದುಬಿಡು, ಅಲ್ಲಿಗೆ ಮುಗಿಯುತ್ತದೆ ಎಂದರು ಪಕ್ಕದ ಕೌಂಟರಿನವರು. ನಾನು ಪೆನ್ನು ತೆಗೆದು, "ಕಡಲಾಮೆಯ ಮರಿಗಳು ಸಮುದ್ರ ಸೇರುವುದನ್ನು ನೋಡಲು ಹೋಗಿದ್ದೆ. ಮುಂದಿನ ವರ್ಷವೂ ಹೋಗುತ್ತೇನೆ," ಎಂದು ಬರೆದು ಸಹಿ ಹಾಕಿದೆ.