ಮೌನಮ್ಮನ ಬಲಗೈ

ಮೌನಮ್ಮನ ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಅರ್ಧ ತಿಂದುಬಿಟ್ಟ ತೆನೆಯಂತೆ ತಗ್ಗು ಬಿದ್ದಿದೆ. ಇದನ್ನು ಬರೆದ ದೇವಿಂದ್ರ ಶಹಾಪುರದ ಹತ್ತಿ ಜಿನ್ನಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಎಣಿಸುವ ದಿನಗೂಲಿಯವ. ಕೃಷ್ಣೆಯ ದಂಡೆಯಲ್ಲಿರುವ ತನ್ನ ಅಕ್ಕನ ಊರಿನಲ್ಲಿ ಆ ಕೈ ಕಂಡವನೇ ಮೊಸಳೆಯ ಕೆಲಸವೆಂದು ತೀರ್ಮಾನಿಸಿದ. ನಾಲ್ಕು ಅಕ್ಷರ ಬಲ್ಲವನು ಯಾರನ್ನಾದರೂ ಕೇಳುವುದುಂಟೇ? ಒಂದು ವರ್ಷ, ಅಲ್ಲಿಗೆ ಹೋದಾಗಲೆಲ್ಲ ಹೊಳೆಗೆ ಕಾಲಿಡದೆ, ದಂಡೆಯ ಮೇಲೆ ಮುದುರಿ ಕೂತು ಚೆಂಬಿನಲ್ಲಿ ಮಿಂದ. ಕಡೆಗೆ ಮೌನಮ್ಮನೇ ಹೊಟ್ಟೆ ಹಿಡಿದು ನಕ್ಕಳು: "ಮೊಸಳಿ ಅಲ್ಲೋ ಹುಚ್ಚಪ್ಪಾ, ಡಾಕ್ಟರ್ ಸಾಹೇಬ್ರು ಕೊಯ್ದದ್ದು!"

ಅವಳ ಕೈಗೆ ಹಾಗಾದಾಗ ಇನ್ನೂ ನಿಜಾಮನ ಸಿಕ್ಕಾ ನಾಣ್ಯ ನಡೆಯುತ್ತಿತ್ತು. ಬಲೆ ಬಿಡಿಸುವಾಗ ಮೀನಿನ ಮುಳ್ಳು ಅವಳ ಮುಂಗೈಗೆ ಚುಚ್ಚಿತು. ಮೂರನೆಯ ದಿನಕ್ಕೆ ಮೊಣಕೈ ತನಕ ಬಾವು. ಅತ್ತೆ ಹಣಮಂತಮ್ಮ ಬೇವಿನೆಲೆ ಕಟ್ಟಿದಳು.

"ಇದು ದೇವಿ ಅಮ್ಮನ ಬಾವು. ಮಂಗಳಾರ ಆಕಿಗೆ ಎಡಿ ಕೊಡೋತನಾ ಕಬ್ಬಿಣ ಮುಟ್ಟಿಸಂಗಿಲ್ಲ."

ಮಂಗಳವಾರ ಇನ್ನೂ ನಾಲ್ಕು ದಿನ ದೂರವಿತ್ತು. ಚರ್ಮ ಬದನೆಕಾಯಿ ಬಣ್ಣಕ್ಕೆ ತಿರುಗಿ ನಾರತೊಡಗಿತು. ಅಷ್ಟು ಉರಿಯುತ್ತಿದ್ದ ಕೈ ಒತ್ತಿದರೂ ನೋಯದಾದಾಗ ಮೌನಮ್ಮ ಎದ್ದು ನಿಂತಳು.

"ಅತ್ತಿ, ನಾ ಶಹಾಪುರದ ದವಾಖಾನಿಗೆ ಹೊಂಟೀನಿ."

"ಕಬ್ಬಿಣ ಮುಟ್ಟಿಸ್ಕೊಂಡ್ರ ಈ ಹೊಸ್ತಿಲ ತುಳೀಬ್ಯಾಡ!"

"ಕೈ ಉಳೀಲಿ, ಹೊಸ್ತಿಲ ಆಮ್ಯಾಲ ನೋಡ್ತೀನಿ."

ಗಂಡ ವೆಂಕಪ್ಪ ಅವ್ವನ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡುತ್ತಲೇ ಬಂಡಿ ಹತ್ತಿದ.

ಡಾಕ್ಟರ್ ವಹಾಬ ಸಾಹೇಬರು ಕೈ ನೋಡಿ ಹೇಳಿದರು: "ಬೇಟಿ, ಸತ್ತ ಮಾಂಸ ಎಲ್ಲಾ ತೆಗೀಬೇಕು. ಮ್ಯಾಲ ಏರಿದ್ರ ಪೂರಾ ಕೈನೇ ಹೋಗ್ತದ."

"ಸತ್ತದ್ದು ತೆಗೀರಿ. ಬೆರಳು ಉಳಸ್ರಿ. ಬಲಿ ಎಳಿಯೋ ಕೈ ಅದ ಇದು."

ದವಾಖಾನೆಯ ಗುಮಾಸ್ತ ಒಪ್ಪಿಗೆಯ ಕಾಗದಕ್ಕೆ ಗಂಡನ ಹೆಬ್ಬೆಟ್ಟು ಕೇಳಿದ. ವೆಂಕಪ್ಪ ಅದನ್ನು ಮುಷ್ಟಿಯೊಳಗೆ ಅಡಗಿಸಿಕೊಂಡ. "ಅವ್ವ ಬೈತಾಳ್ರಿ."

ಮೌನಮ್ಮ ತನ್ನ ಎಡಗೈ ಹೆಬ್ಬೆಟ್ಟನ್ನೇ ಮಸಿಗೆ ಅದ್ದಿದಳು.

"ಹೆಂಗಸ್ರದು ಬಲಗೈದೇ ಆಗಬೇಕವ್ವಾ, ಕಾಯ್ದೆ ಅದ," ಎಂದ ಗುಮಾಸ್ತ.

"ಬಲಗೈನೇ ಕೊಳ್ಯಾಕತ್ತದ. ಕೊಯ್ದಮ್ಯಾಲ ನೀನ ಒಯ್ದು ಬೇಕಾದಷ್ಟು ಒತ್ಕೋ!"

ಸಾಹೇಬರು ಕಾಗದ ಕಸಿದುಕೊಂಡರು. "ಇದು ಸಾಕು. ನಡೀರಿ."

ಕ್ಲೋರೋಫಾರ್ಮ್ ಹಾಕಿ, ಕೆಂಪು ರಕ್ತ ಜಿನುಗುವ ತನಕ ಕರಿದಾದದ್ದನ್ನೆಲ್ಲ ಕೊಯ್ದರು. ಒಳಗೆ ಕೀವು ಕೂಡಬಾರದೆಂದು ಹೊಲಿಗೆಯನ್ನೂ ಹಾಕಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಕೊಯ್ದರು. ಮೂರನೆಯ ಸಲ ಕರೆದಾಗ ವೆಂಕಪ್ಪ ಗೊಳೋ ಎಂದ.

"ಹೊರಗ ಹೋಗಿ ಅಳು. ಸಾಹೇಬ್ರ ಕೈ ನಡುಗಿದ್ರ ನಿನ್ನ ಬಿಡಂಗಿಲ್ಲ," ಎಂದು ಅವಳೇ ನಡೆದು ಹೋಗಿ ಮೇಜಿನ ಮೇಲೆ ಮಲಗಿದಳು.

ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಐದೂ ಬೆರಳು ಉಳಿದವು. ಕಿರುಬೆರಳು ಮಾತ್ರ ಮಡಚುವುದಿಲ್ಲ. ಊರಿಗೆ ಬಂದವಳು ಯಾರನ್ನೂ ಕೇಳದೆ ಹೊಸ್ತಿಲು ದಾಟಿ, ಒಲೆ ಹಚ್ಚಿದಳು. ಹಣಮಂತಮ್ಮ ಎಂಟು ದಿನ ಮಾತು ಬಿಟ್ಟು, ಒಂಬತ್ತನೆಯ ದಿನ ಉಪ್ಪು ಹೆಚ್ಚಾಯಿತೆಂದು ಬೈದಳು.

ಇಷ್ಟೆಲ್ಲ ಕೇಳಿಸಿಕೊಂಡ ದೇವಿಂದ್ರನಿಗೆ ಸುಮ್ಮನಿರಲಾಗಲಿಲ್ಲ. ಅವಳ ಅತ್ತೆ ಪಕ್ಕದಲ್ಲೇ ಮೀನು ಹಸನು ಮಾಡುತ್ತಿದ್ದಾಗ ಕೇಳಿಯೇಬಿಟ್ಟ: "ಮೌನಕ್ಕಾ, ದೇವಿ ಕಟ್ಟು ಮುರದೀ. ಆ ಅಮ್ಮ ಸಿಟ್ಟಾದ್ರ?"

ಮೌನಮ್ಮ ಬಲೆಯ ಹಗ್ಗವನ್ನು ಆ ಕೈಗೇ ಸುತ್ತಿಕೊಂಡಳು.

"ಆಗ್ಲಿ. ನನ್ನ ಕೈ ಕೊಳ್ಯಾಕತ್ತಾಗ ಆಕಿ ಎಲ್ಲಿದ್ಲು, ಮದ್ಲ ಅದನ್ನ ಕೇಳ್ಕೊಂಡು ಬಾ."